ಗೊಂಬೆಗೆ ಮೊದಲು, ಮಗುವಿಗೆ ಆಮೇಲೆ

ಆಪರೇಶನ್ ಇದ್ದ ದಿನ ನಮ್ಮ ಮಕ್ಕಳ ವಾರ್ಡಿನಲ್ಲಿ ಬೆಳಕು ಹರಿಯುತ್ತಲೇ ಅಳು ಶುರುವಾಗುತ್ತಿತ್ತು. ಮೊದಲು ಯಾವುದೋ ಒಂದು ಮಗು ಹಾಲು ಬೇಕೆಂದು ಅಳುವುದು, ಆಪರೇಶನ್ ಇದೆ, ಕೊಡುವ ಹಾಗಿಲ್ಲ ಎಂದು ನಾವು ಹೇಳುವುದು. ಅದರ ಅಳು ಕೇಳಿ ಪಕ್ಕದ ಮಂಚದ್ದು, ಅದನ್ನು ನೋಡಿ ಆಚೆಯದು. ಆಪರೇಶನ್ ಥಿಯೇಟರಿನಿಂದ, ನಮ್ಮ ಮಾತಿನಲ್ಲಿ ಓಟಿಯಿಂದ, ಟ್ರಾಲಿ ಬರುವ ಹೊತ್ತಿಗೆ, ಅವತ್ತು ಆಪರೇಶನ್ನೇ ಇಲ್ಲದ ಮಕ್ಕಳೂ ಸೇರಿ ಇಡೀ ವಾರ್ಡು ಒಂದೇ ಶ್ರುತಿಯಲ್ಲಿ ಅಳುತ್ತಿತ್ತು. ತಾಯಂದಿರು ಬಾಗಿಲಾಚೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನರ್ಸ್ ಆಗಿ ಹೊಸದಾಗಿ ಬಂದ ನಾನು ಇದೇನು ಹೀಗೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮಕ್ಕಳು ಅಳದೆ ಇನ್ನೇನು ಮಾಡುತ್ತವೆ?

ನನಗಾಗ ಇಪ್ಪತ್ತೆರಡು ವರ್ಷ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದ ಕಡೆಯಿಂದ ಮುಂಬಯಿಗೆ ಬಂದ ಅಪ್ಪ ಫೋರ್ಟ್ ಬಡಾವಣೆಯಲ್ಲಿ ಒಂದು ಬ್ಯಾಂಕಿನ ಗುಮಾಸ್ತರು. ನಾವಿದ್ದದ್ದು ವಿಲೆ ಪಾರ್ಲೆಯಲ್ಲಿ ಸಾಲುಮನೆಗಳ ಒಂದು ಚಾಳಿನಲ್ಲಿ. ಮನೆಯಲ್ಲಿ ನಮ್ಮೂರ ಕನ್ನಡ, ಚಾಳಿನ ನಲ್ಲಿಯ ಹತ್ತಿರ ಮರಾಠಿ, ಆಸ್ಪತ್ರೆಯಲ್ಲಿ ಹಿಂದಿ, ಡಾಕ್ಟರರ ಮುಂದೆ ಇಂಗ್ಲಿಷು. ಆಸ್ಪತ್ರೆ ಇದ್ದದ್ದು ಅಂಧೇರಿಯಲ್ಲಿ, ಒಂದೇ ಸ್ಟೇಷನ್ನಿನ ದೂರ. ನರ್ಸ್ ಕೆಲಸಕ್ಕೆ ಮಗಳನ್ನು ಕಳಿಸಿದ್ದಕ್ಕೆ ಊರಿನ ನೆಂಟರು ಮೂಗು ಮುರಿದಿದ್ದರು. ಅಪ್ಪ ಅವರಿಗೆ ಉತ್ತರ ಕೊಡಲು ಹೋಗಿರಲಿಲ್ಲ; ನನಗೂ ಆ ವಿಷಯವಾಗಿ ಏನೂ ಹೇಳುತ್ತಿರಲಿಲ್ಲ.

ಒಂದು ದಿನ ಆರೇಳು ವರ್ಷದ ಹುಡುಗಿಯೊಬ್ಬಳು ವಾರ್ಡಿಗೆ ಬಂದಳು. ವಿಜಾಪುರದ ಕಡೆಯವರು, ತಂದೆ ತಾಯಿ ಇಬ್ಬರೂ ಅಂಧೇರಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳ ಕೆಲಸಕ್ಕೆ ಬಂದವರು. ಕೂಸಾಗಿದ್ದಾಗ ಅವಳು ಒಲೆಯ ಕೆಂಡಕ್ಕೆ ಕೈ ಹಾಕಿದ್ದಳಂತೆ. ಸುಟ್ಟ ಗಾಯ ಮಾಯುವಾಗ ಬಲಗೈಯ ಎರಡು ಬೆರಳು ಮಡಚಿಕೊಂಡು ಅಂಗೈಗೆ ಅಂಟಿಬಿಟ್ಟಿದ್ದವು. ಆ ಬೆರಳು ಬಿಡಿಸುವ ಆಪರೇಶನ್ನು. ಹುಡುಗಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ವಾರ್ಡಿನಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೇ, ಆದರೆ ಅವಳ ಆಪರೇಶನ್ ದಿನ ನನಗೆ ರಜೆ.

ಮರುದಿನ ಹೋದರೆ ಅವಳ ಸುದ್ದಿಯೇ ಸುದ್ದಿ. ಓಟಿಯೊಳಗೆ ನಿದ್ದೆ ಬರಿಸುವ ಮಾಸ್ಕನ್ನು ಮುಖಕ್ಕೆ ತರುತ್ತಿದ್ದಂತೆ ಅರಿವಳಿಕೆ ಡಾಕ್ಟರರ ಕೈ ಕಚ್ಚಿ, ಟೇಬಲ್ಲಿನಿಂದ ಧುಮುಕಿ, ಕಪಾಟಿನ ಹಿಂದೆ ಹೋಗಿ ಕುಳಿತಿದ್ದಳಂತೆ. ಎಳೆದು ತಂದರೆ ಅತ್ತು ಅತ್ತು ಕೆಮ್ಮು, ವಾಂತಿ. ಆ ಡಾಕ್ಟರು ಪಾರ್ಸಿ ಹೆಂಗಸು, ಬಹಳ ಚುರುಕು. “ಇಂಥ ಉಸಿರಾಟದಲ್ಲಿ ನಾನು ಮಗುವನ್ನು ಮಲಗಿಸಲಾರೆ” ಎಂದು ವಾಪಸು ಕಳಿಸಿದ್ದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಯಾರು ಕರೆದರೂ ತಿರುಗುತ್ತಿರಲಿಲ್ಲ.

ನಾನು ಹೋಗಿ ಮಂಚದ ಅಂಚಿಗೆ ಕುಳಿತು, “ಯಾಕ ತಂಗಿ, ಏನಾತು ನಿನ್ನೆ?” ಎಂದೆ.

ತಟ್ಟನೆ ತಿರುಗಿದಳು. ತನ್ನ ಮಾತು ಆಡುವವರೊಬ್ಬರು ಈ ಊರಲ್ಲಿ ಇದ್ದಾರೆ ಎಂಬುದನ್ನೇ ನಂಬದವಳಂತೆ ನನ್ನ ಟೋಪಿ ನೋಡಿದಳು, ಬಾಯಿ ನೋಡಿದಳು.

“ಅವರೆಲ್ಲಾ ಬಾಯಿಗೆ ಬಟ್ಟಿ ಕಟಗೊಂಡಿದ್ರು” ಎಂದಳು. “ಕಳ್ಳರು ಕಟಗೋತಾರಲ್ಲ, ಹಂಗ.”

“ಅದಕ್ಕ ಕಚ್ಚಿದ್ಯಾ?”

“ಹೂಂ.” ಗುಟ್ಟು ಕೇಳುವವಳ ಹಾಗೆ ಹತ್ತಿರ ಬಂದಳು. “ಅಕ್ಕಾ, ಕೈ ಕೊಯ್ದ ಮ್ಯಾಲ ಅದನ್ನ ಎಲ್ಲಿ ಒಗೀತಾರ?”

ಕೈಗೆ ಆಪರೇಶನ್, ಕೈ ಕೊಯ್ಯುತ್ತಾರೆ ಎಂದು ದೊಡ್ಡವರು ಮಾತಾಡಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಕೈಯನ್ನೇ ಕತ್ತರಿಸಿ ಎಸೆಯುತ್ತಾರೆ ಎಂದುಕೊಂಡಿದ್ದಳು. ಅಷ್ಟು ತಿಳಿದೂ ಒಂದು ರಾತ್ರಿ ಆ ಮಂಚದ ಮೇಲೆ ಸುಮ್ಮನೆ ಮಲಗಿದ್ದಳು! ಕಚ್ಚದೆ ಇನ್ನೇನು ಮಾಡಿಯಾಳು? ಅವಳ ಜಾಗದಲ್ಲಿ ನಾನಿದ್ದರೂ ಕಚ್ಚುತ್ತಿದ್ದೆ.

ಆ ಕ್ಷಣದಲ್ಲೇ ಏನೋ ಹೊಳೆಯಿತು. ಗಾಯಕ್ಕೆ ಸುತ್ತುವ ತೆಳು ಗಾಜ್ ಬಟ್ಟೆಯ ಒಂದು ಸುರುಳಿ ತಂದೆ. ಅದಕ್ಕೇ ಗಂಟು ಹಾಕಿ ತಲೆ ಮಾಡಿದೆ, ಎರಡು ಕೈ ಮಾಡಿದೆ. ಒಂದು ಕೈಯ ತುದಿ ಮಡಚಿ ದಾರದಿಂದ ಬಿಗಿದೆ. “ಇಕಿ ಬೆರಳೂ ಅಂಟಿಕೊಂಡಾವ ನೋಡು. ನೀನ ಡಾಕ್ಟರ್ ಆಗು, ಬಿಡಿಸು” ಎಂದೆ. ಬಾಯಿಗೆ ಕಟ್ಟುವ ಮಾಸ್ಕ್ ಕೊಟ್ಟೆ. ಬಾಯಿಯ ಗಾಳಿ ಗಾಯಕ್ಕೆ ತಾಗಬಾರದೆಂದು ಕಟ್ಟುವುದು, ಕಳ್ಳತನಕ್ಕಲ್ಲ ಎಂದೆ. ಹುಡುಗಿ ಮಾಸ್ಕ್ ಕಟ್ಟಿಕೊಂಡಳು, ಕಣ್ಣಷ್ಟೇ ಕಾಣುತ್ತಿತ್ತು. ಆ ಕಣ್ಣು ಮಿನುಗುತ್ತಿತ್ತು. ಗೊಂಬೆಯ ಮೂಗಿಗೆ ಸಣ್ಣ ಬಟ್ಟಲು ಒತ್ತಿ, “ಉಸರ ತಗೋ, ನಿದ್ದಿ ಮಾಡು, ನಾ ಇಲ್ಲೇ ಅದೀನಿ” ಎಂದು ಗದರಿದಳು. ದಾರ ಬಿಡಿಸಿದಳು. ಬ್ಯಾಂಡೇಜು ಸುತ್ತಿದಳು. ಗೊಂಬೆಯ ಕೈ ಇದ್ದಲ್ಲೇ ಇತ್ತು. ಅದನ್ನು ಅವಳು ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಮುಂದಿನ ಆಪರೇಶನ್ ದಿನ ಟ್ರಾಲಿ ಬಂದಾಗ ತಾನೇ ಹತ್ತಿ ಕುಳಿತಳು, ತೊಡೆಯ ಮೇಲೆ ಗಾಜ್ ಗೊಂಬೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಅವರ ಒಪ್ಪಿಗೆ ಪಡೆದು ನಾನೂ ಒಳಗೆ ಹೋದೆ. ಪಾರ್ಸಿ ಡಾಕ್ಟರು ಕೈ ಹಿಂದೆ ಇಟ್ಟುಕೊಂಡೇ ಅವಳ ಹತ್ತಿರ ಬಂದರು, ಕಚ್ಚಿಸಿಕೊಂಡವರಲ್ಲವೆ! ಹುಡುಗಿ ಅವರಿಂದ ಮಾಸ್ಕ್ ಇಸಿದುಕೊಂಡು ಮೊದಲು ಗೊಂಬೆಗೆ ಹಿಡಿದಳು, ಆಮೇಲೆ ತನ್ನ ಮುಖಕ್ಕೆ ತಾನೇ ಇಟ್ಟುಕೊಂಡಳು. ಡಾಕ್ಟರು ನನ್ನ ಕಡೆ ನೋಡಿ ಹುಬ್ಬೇರಿಸಿದರು. ಹುಡುಗಿ ನಿದ್ದೆ ಹೋದ ಮೇಲೆ, “ಏನು ಮಾಡಿದೆ ನೀನು?” ಎಂದರು.

“ಆಟ ಆಡಿದೆವು ಡಾಕ್ಟರ್” ಎಂದೆ.

ಬೆರಳು ಬಿಟ್ಟುಕೊಂಡವು. ಡ್ರೆಸಿಂಗ್, ವ್ಯಾಯಾಮ ಎಲ್ಲ ಮುಗಿಯಲು ಬಹಳ ದಿನ ಹಿಡಿಯಿತು. ಕೊನೆಗೊಮ್ಮೆ ತೋರಿಸಿಕೊಳ್ಳಲು ಬಂದಾಗ ಹೊರರೋಗಿಗಳ ವಿಭಾಗದ ನೆಲದ ಮೇಲೆ ಕುಳಿತು ನನಗೆ ಕಲ್ಲಾಟ ಆಡಿ ತೋರಿಸಿದಳು. ಬಲಗೈಯಲ್ಲಿ ಕಲ್ಲು ಹಾರಿಸಿ ಬಲಗೈಯಲ್ಲೇ ಹಿಡಿದಳು. ಅವಳ ಅವ್ವ, “ಈಗ ಮನ್ಯಾಗ ಕೂಡ್ರೂದೇ ಇಲ್ರೀ ಅಕ್ಕಾರ, ಬರೇ ಆಟ” ಎಂದು ದೂರಿದಳು. ದೂರುವ ಮುಖದ ತುಂಬ ನಗು.

ಆದರೆ ನಾನು ಹೇಳಹೊರಟದ್ದು ಅವಳ ಕತೆಯನ್ನಷ್ಟೇ ಅಲ್ಲ. ಹುಡುಗಿ ಮಾಸ್ಕ್ ಹಿಡಿದ ಆ ದಿನವೇ ನಾನು ಓಡಿಕೊಂಡು ನಮ್ಮ ಟ್ಯೂಟರ್ ಹತ್ತಿರ ಹೋದೆ. ಅವರು ಮಂಗಳೂರಿನವರು, ಮಕ್ಕಳ ಶುಶ್ರೂಷೆಯನ್ನೇ ದೆಹಲಿಯಲ್ಲಿ ವಿಶೇಷವಾಗಿ ಓದಿ ಬಂದವರು, ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಶಹಬ್ಬಾಸ್ ಅನ್ನುತ್ತಾರೆಂದು ಕಾದೆ.

“ಅಲ್ಲ ಮಾರಾಯ್ತಿ,” ಎಂದರು ಅವರು, “ಮಗು ಅಳದೆ ಇದ್ದದ್ದು ಗೊಂಬೆಯಿಂದ ಅಂತ ನಿನಗೆ ಹೇಗೆ ಗೊತ್ತು? ಅದು ಅವಳ ಎರಡನೆಯ ಸಲ. ಜಾಗ ನೋಡಿ ಆಗಿತ್ತು. ನೀನು ಅವಳ ಭಾಷೆ ಮಾತಾಡಿದೆ. ನೀನು ಜೊತೆಗೆ ಹೋದೆ. ಇಷ್ಟರಲ್ಲಿ ಯಾವುದು ಕೆಲಸ ಮಾಡಿದ್ದು?”

ನನ್ನ ಮುಖ ಇಳಿಯಬೇಕಿತ್ತು. ಇಳಿಯಲಿಲ್ಲ. ಬದಲಿಗೆ ಕುರ್ಚಿ ಎಳೆದುಕೊಂಡು ಅವರ ಮುಂದೆ ಕುಳಿತೆ. ಓದುವಾಗ ನಾವು ಕಲಿತದ್ದೆಲ್ಲ ಉತ್ತರಗಳು. ಹೀಗೆ ಮಾಡಬೇಕು, ಹಾಗೆ ಮಾಡಬಾರದು. ನಾನು ಮಾಡಿದ ಒಂದು ಕೆಲಸವನ್ನು ಯಾರೋ ಹಿಡಿದು, ತಿರುಗಿಸಿ, ಇದು ನಿಜವೇ ಎಂದು ಕೇಳಿದ್ದು ಅದೇ ಮೊದಲು.

“ಹಾಗಾದರೆ ಹೇಗೆ ತಿಳಿಯೋದು ಮೇಡಂ?”

“ನೋಡಿಯೇ ತಿಳಿಯಬೇಕಲ್ಲವಾ? ಕೆಲವು ಮಕ್ಕಳಿಗೆ ಆಟ ಆಡಿಸುವ, ಕೆಲವರಿಗೆ ಇಲ್ಲ. ಎರಡೂ ಗುಂಪನ್ನು ಒಂದೇ ಕಣ್ಣಿನಿಂದ ನೋಡುವ.”

ಆಟ ಆಡದ ಮಕ್ಕಳಿಗೆ ಅನ್ಯಾಯ ಅಲ್ಲವೇ ಎಂದೆ. “ಈಗ ಎಲ್ಲರಿಗೂ ಅದೇ ಅನ್ಯಾಯ ನಡೆಯುತ್ತಾ ಉಂಟಲ್ಲ” ಎಂದರು.

ಮೊದಲ ಅಡ್ಡಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಸಾತಾರಾ ಕಡೆಯ ಮರಾಠಿ ಹೆಂಗಸು. ಅವರ ಸೀರೆಯ ಗಂಜಿಯ ಸದ್ದು ಕೇಳಿದರೇ ನಾವು ಸೆಟೆದು ನಿಲ್ಲುತ್ತಿದ್ದೆವು. “ಬಟ್ಟೆ ಗೊಂಬೆಯೇ? ಒಂದು ಮಗುವಿನ ಸೋಂಕು ಇನ್ನೊಂದಕ್ಕೆ ಹೊತ್ತು ಹಾಕಲಿಕ್ಕೆ? ಕುದಿಸಿ ತೆಗೆಯುವಂಥ ಗೊಂಬೆ ಇದ್ದರೆ ತಾ, ಇಲ್ಲದಿದ್ದರೆ ಬೇಡ” ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಅವತ್ತೇ ಟ್ರಂಕ್ ತೆಗೆದು ಹಳೆಯ ಇಳಕಲ್ ಸೀರೆ ಕತ್ತರಿಸಿ, ಚೆಂದದ ಗೊಂಬೆಗಳನ್ನು ಹೊಲಿದುಕೊಟ್ಟಳು. ಕೆಂಪು ಸೆರಗಿನದೇ ಲಂಗ. ವಾರ್ಡಿನಲ್ಲಿ ಅವನ್ನು ಕುದಿಯುವ ನೀರಿಗೆ ಹಾಕಿದೆವು. ತೆಗೆದು ನೋಡಿದರೆ ಗೊಂಬೆ, ಜೊತೆಗೆ ಹಾಕಿದ್ದ ಬಟ್ಟೆ, ಟವೆಲ್ಲು, ಎಲ್ಲವೂ ಗುಲಾಬಿ! ಸಿಸ್ಟರ್ ಆ ಟವೆಲ್ಲುಗಳನ್ನು ಒಂದೊಂದಾಗಿ ಎತ್ತಿ ಹಿಡಿದು ನೋಡಿದ ಬಗೆ ಈಗಲೂ ಕಣ್ಣಿಗೆ ಕಟ್ಟಿದೆ. “ಮದುವೆ ಮನೆಯ ಹಾಗಿದೆ” ಎಂದಷ್ಟೇ ಹೇಳಿ ಹೊರಟುಹೋದರು. ಬಾಗಿಲು ದಾಟಿದ ಮೇಲೆ ಅವರು ನಕ್ಕ ಸದ್ದು ಕೇಳಿಸಿತು. ಅವ್ವ ಮತ್ತೆ ಬಿಳಿಯ ಹತ್ತಿ ಬಟ್ಟೆಯಲ್ಲಿ ಗೊಂಬೆ ಹೊಲಿದಳು. ಕಣ್ಣು, ಮೂಗು, ಬಾಯಿ ಬಣ್ಣ ಬಿಡದ ಕಪ್ಪು ದಾರದಲ್ಲಿ.

ಆಟ ಶುರುವಾಯಿತು. ಒಂದು ಆಪರೇಶನ್ ದಿನದ ಮಕ್ಕಳಿಗೆ ಹಿಂದಿನ ಸಂಜೆ ಗೊಂಬೆ ಆಪರೇಶನ್ ಆಡಿಸುವುದು, ಮುಂದಿನ ಆಪರೇಶನ್ ದಿನದವರಿಗೆ ಆಡಿಸದೆ ಬಿಡುವುದು. ಓಟಿಯ ಬಾಗಿಲಲ್ಲಿ ಮಕ್ಕಳನ್ನು ನೋಡಿ ಯಾರು ಅತ್ತರು, ಯಾರ ನಾಡಿ ಎಷ್ಟು ಓಡುತ್ತಿದೆ ಎಂದು ಗುರುತು ಹಾಕಿಕೊಳ್ಳುವ ಕೆಲಸ ಓಟಿಯ ನರ್ಸಿನದು. ಕೇರಳದವಳು, ನನ್ನ ವಾರಗೆಯವಳೇ. ಯಾವ ಮಗು ಆಟ ಆಡಿದೆ ಎಂಬುದು ಅವಳಿಗೆ ಗೊತ್ತಾಗಬಾರದು ಎಂದು ಟ್ಯೂಟರ್ ಕಟ್ಟಪ್ಪಣೆ. ಗೊತ್ತಾದರೆ, ಅತ್ತ ಮಗುವನ್ನೂ ಅಳಲಿಲ್ಲ ಎಂದು ಅವಳ ಮನಸ್ಸು ಹೇಳಿಬಿಟ್ಟೀತು. ಎಂಥ ಉಪಾಯ! ಆ ರಾತ್ರಿ ಅದನ್ನೇ ನೆನೆದು ನಗುತ್ತಾ ಮಲಗಿದೆ.

ಉಪಾಯವನ್ನು ಮಕ್ಕಳೇ ಕೆಡಿಸಿದವು. ಮೊದಲನೆಯ ದಿನವೇ ಒಬ್ಬ ಗುಜರಾತಿ ಹುಡುಗ ಓಟಿ ಹೊಕ್ಕವನು ಸೊಂಟದ ಮೇಲೆ ಕೈಯಿಟ್ಟು ಕೇರಳದ ನರ್ಸಿಗೆ, “ನನ್ನ ಗೊಂಬೆ ಆಗಲೇ ನಿದ್ದೆ ಹೋಯಿತು, ನಿಮ್ಮದೇನು ತಡ?” ಎಂದನಂತೆ. ಸರಿ, ಇದು ನಮ್ಮ ನಿಮ್ಮ ಗುಟ್ಟು, ಯಾರಿಗೂ ಹೇಳಬೇಡಿ ಎಂದು ಮುಂದಿನ ಮಕ್ಕಳಿಗೆ ಹೇಳಿಕೊಟ್ಟೆವು. ಅವು ಹೋಗಿ, “ನಮಗೊಂದು ಗುಟ್ಟು ಗೊತ್ತು, ಹೇಳೋದಿಲ್ಲ!” ಎಂದವು. ಟ್ಯೂಟರ್ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಯೋಚನೆ ಮಾಡಿ ಹೊಸ ದಾರಿ ಹುಡುಕಿದರು. ಎಲ್ಲ ಮಕ್ಕಳ ಕೈಯಲ್ಲೂ ಗೊಂಬೆ ಕೊಡುವುದು. ಎಲ್ಲರೊಡನೆಯೂ ಕುಳಿತು ಅಷ್ಟೇ ಹೊತ್ತು ಮಾತಾಡುವುದು. ಆದರೆ ಆಪರೇಶನ್ ಆಟ ಮಾತ್ರ ಅರ್ಧ ಜನರಿಗೆ. ಉಳಿದವರಿಗೆ ಗೊಂಬೆಗೆ ಅಡುಗೆ ಮಾಡಿ ಬಡಿಸುವ ಆಟ. ಹಳೆಯ ಗುರುತುಗಳನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರು ಮಾಡಿದೆವು. ಇನ್ನು ಮಗು ಗೊಂಬೆಯ ಬಗ್ಗೆ ಏನು ಬಡಬಡಿಸಿದರೂ ಕೇರಳದವಳು ಕೇಳದ ಹಾಗೆ ಇರಬೇಕು. ಅವಳು ಕಿವಿಗೆ ಹತ್ತಿ ಇಟ್ಟುಕೊಂಡೇ ನಿಲ್ಲತೊಡಗಿದಳು. ಅದನ್ನು ನೋಡಿ ಸರ್ಜನ್, “ಈ ಹುಡುಗಿಗೆ ಕಿವಿ ನೋವೇ?” ಎಂದು ವಿಚಾರಿಸಿದರು.

ಆ ತಿಂಗಳುಗಳಲ್ಲಿ ನಾನು ಓಡಿಕೊಂಡೇ ಇದ್ದೆ. ಡ್ಯೂಟಿ ಮುಗಿದರೂ ಮನೆಗೆ ಹೋಗಲು ಮನಸ್ಸು ಬಾರದು. ಟಾನ್ಸಿಲ್ ತೆಗೆಯುವ ಮಕ್ಕಳು, ಸೀಳುತುಟಿಯ ಮಕ್ಕಳು, ಹರ್ನಿಯಾ ಮಕ್ಕಳು. ಒಂದೊಂದರ ತಲೆಯಲ್ಲಿ ಒಂದೊಂದು ಭಯ. ಗಂಟಲು ಕೊಯ್ದರೆ ದನಿ ಹೊರಗೆ ಬಿದ್ದುಹೋಗುತ್ತದೆ ಎಂದು ಒಬ್ಬ. ನಿದ್ದೆ ಮಾಡಿಸಿ ಬೇರೆ ಯಾರಿಗೋ ಕೊಟ್ಟುಬಿಡುತ್ತಾರೆ ಎಂದು ಇನ್ನೊಬ್ಬಳು. ಕೇಳಿದರೆ ಹೇಳುತ್ತಿದ್ದವು. ಗೊಂಬೆಯ ಬಾಯಿಂದ ಇನ್ನೂ ಚೆನ್ನಾಗಿ ಹೇಳುತ್ತಿದ್ದವು.

ಕೊನೆಗೆ ಒಂದು ಮಧ್ಯಾಹ್ನ ಟ್ಯೂಟರ್ ಕೋಣೆಯಲ್ಲಿ ಕುಳಿತು ಎರಡೂ ಗುಂಪು ಹೋಲಿಸಿದೆವು. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಫರಕು ಎದ್ದು ಕಾಣುತ್ತಿತ್ತು. ಆಪರೇಶನ್ ಆಟ ಆಡಿದವರು ಬಹುಪಾಲು ಶಾಂತವಾಗಿ ಹೋಗಿದ್ದರು, ಎಚ್ಚರವಾದ ಮೇಲೆ ಬೇಗ ನೀರು ಕುಡಿದಿದ್ದರು. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

“ತಡಿ ತಡಿ,” ಎಂದರು ಟ್ಯೂಟರ್. “ಸಣ್ಣವರನ್ನು ನೋಡು.”

ನೋಡಿದೆ. ಎರಡು ಮೂರು ವರ್ಷದ ಕೂಸುಗಳಿಗೆ ಗೊಂಬೆಯಿಂದ ಏನೂ ಪ್ರಯೋಜನ ಆಗಿರಲಿಲ್ಲ. ಆಟ ಆಡಿದವೂ ಅತ್ತಿದ್ದವು, ಆಡದವೂ ಅತ್ತಿದ್ದವು. ಕೆಲವು ಗೊಂಬೆಯನ್ನು ಎಸೆದೇ ಬಿಟ್ಟಿದ್ದವು. ನನಗೆ ಅದನ್ನು ಬಿಟ್ಟುಬಿಡೋಣ, ದೊಡ್ಡವರದಷ್ಟೇ ಹೇಳೋಣ ಅನ್ನಿಸಿತು. ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಟ್ಯೂಟರ್ ಒಪ್ಪಲಿಲ್ಲ. “ಗೆದ್ದದ್ದಕ್ಕಿಂತ ಇದೇ ಹೆಚ್ಚು ರುಚಿ ಉಂಟು. ಈ ಸಣ್ಣವು ಯಾವಾಗ ಅಳ್ತವೆ? ಸರಿಯಾಗಿ ಯಾವ ಜಾಗದಲ್ಲಿ?”

ಅದು ನನಗೆ ಗೊತ್ತಿತ್ತು! ಎಷ್ಟೋ ಸಲ ನೋಡಿದ್ದೆ. ಟ್ರಾಲಿಯ ಮೇಲಲ್ಲ, ಮಾಸ್ಕ್ ಕಂಡಾಗಲೂ ಅಲ್ಲ. ವಾರ್ಡಿನ ಬಾಗಿಲಲ್ಲಿ ತಾಯಿಯ ಕೈಯಿಂದ ಬಿಡಿಸಿಕೊಂಡ ಗಳಿಗೆಯಿಂದ. ಅಲ್ಲಿಂದ ಮುಂದೆ ಅವಕ್ಕೆ ಏನು ಕೊಟ್ಟರೂ ಒಂದೇ.

“ಹಾಗಾದರೆ ಅವಕ್ಕೆ ಬೇಕಾದ ಗೊಂಬೆ ತಾಯಿಯೇ ಮೇಡಂ” ಎಂದೆ.

ಇಬ್ಬರೂ ಪಾರ್ಸಿ ಡಾಕ್ಟರರ ಬಳಿ ಹೋದೆವು. ತಾಯಿಯನ್ನು ಓಟಿಯ ಹೊರಕೋಣೆಯವರೆಗೆ, ಅಂದರೆ ಮಗುವನ್ನು ಮಲಗಿಸುವ ಜಾಗದವರೆಗೆ ಬಿಡಿ ಎಂದು ಕೇಳುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಸರ್ಜನ್ ಕೇಳಿ, “ತಾಯಿ ತಲೆ ತಿರುಗಿ ಬಿದ್ದರೆ ಮೊದಲು ಯಾರಿಗೆ ಚಿಕಿತ್ಸೆ?” ಎಂದರು. ಇನ್‌ಚಾರ್ಜ್ ಸಿಸ್ಟರ್ ನಮ್ಮ ಪರ ಮಾತಾಡುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. “ತಾಯಿ ಬಿದ್ದರೆ ಹಿಡಿಯಲು ನಾನು ನಿಲ್ಲುತ್ತೇನೆ” ಎಂದುಬಿಟ್ಟರು. ಪಾರ್ಸಿ ಡಾಕ್ಟರು ಗಡಿಯಾರ ನೋಡಿಕೊಂಡು, “ನನಗೆ ಬೇಕಾದದ್ದು ಸಮನಾಗಿ ಉಸಿರಾಡುವ ಮಗು. ಅದು ಗೊಂಬೆಯಿಂದ ಬಂದರೂ ಸರಿ, ಅಮ್ಮನಿಂದ ಬಂದರೂ ಸರಿ. ಒಮ್ಮೆ ನೋಡೋಣ” ಎಂದರು.

ಮೊದಲು ಬಂದವಳು ವರ್ಸೋವಾ ಕಡಲ ದಂಡೆಯ ಹೆಂಗಸು, ಕೋಳಿ ಎಂಬ ಬೆಸ್ತರ ಜಾತಿಯವಳು, ಮೀನು ಮಾರುವವಳು. ಎರಡು ವರ್ಷದ ಮಗನಿಗೆ ಹರ್ನಿಯಾ. ಕೈಕಾಲು ತೊಳೆಸಿ, ಗೌನು ತೊಡಿಸಿ, ಮಾಸ್ಕ್ ಕಟ್ಟಿದೆವು. ಗಟ್ಟಿ ಆಳು, ಬಂದರಿನಲ್ಲಿ ಗಂಡಸರನ್ನು ಗದರಿಸುವವಳು. ಅವತ್ತು ಮಗನನ್ನು ಎರಡೂ ಕೈಯಿಂದ ಅವುಚಿಕೊಂಡೇ ಒಳಗೆ ಬಂದಳು. ಸ್ಟೂಲಿನ ಮೇಲೆ ಕೂರಿಸಿ ಮಗನನ್ನು ತೊಡೆಯ ಮೇಲಿಟ್ಟೆವು. ಅವಳ ಬೆನ್ನ ಹಿಂದೆ ಸಿಸ್ಟರ್, ಹೇಳಿದ ಮಾತಿನಂತೆ ಎರಡೂ ಕೈ ಚಾಚಿಕೊಂಡು. ಕೂಸು ಒಮ್ಮೆ ಅತ್ತ ಇತ್ತ ನೋಡಿತು. ತಾಯಿ ಏನೋ ಗುನುಗಿದಳು. ಅದರ ಕೈ ಅವಳ ಗೌನಿನ ದಾರ ಹಿಡಿದುಕೊಂಡಿತು. ಡಾಕ್ಟರು ಮಾಸ್ಕನ್ನು ಮೆಲ್ಲಗೆ, ಮೆಲ್ಲಗೆ ಹತ್ತಿರ ತಂದರು. ಅಳು ಬರಲಿಲ್ಲ. ಕೈ ಸಡಿಲವಾಯಿತು, ದಾರ ಜಾರಿತು, ಮಗು ನಿದ್ದೆ ಹೋಗಿತ್ತು.

ಓಟಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಗುವನ್ನು ಎತ್ತಿಕೊಂಡಾಗ ತಾಯಿ ಬೀಳಲಿಲ್ಲ. ಹೊರಗೆ ಬಂದು ಸಿಸ್ಟರ್ ಹೆಗಲ ಮೇಲೆ ತಲೆ ಇಟ್ಟು ಒಂದು ಗಳಿಗೆ ಅತ್ತಳು. ಗಂಜಿ ಹಾಕಿದ ಆ ಸೀರೆ ಮುದುಡಿಹೋಯಿತು. ಸಿಸ್ಟರ್ ಅದನ್ನು ಸರಿಪಡಿಸಿಕೊಳ್ಳಲೂ ಇಲ್ಲ.

ಆಮೇಲೆ ಸಣ್ಣ ಮಕ್ಕಳ ತಾಯಂದಿರು ಒಳಗೆ ಬರುವುದು ನಮ್ಮಲ್ಲಿ ರೂಢಿಯಾಯಿತು. ಎಲ್ಲವೂ ಸುಸೂತ್ರ ಅಂತಲ್ಲ. ಒಬ್ಬ ತಾಯಿ ನಿಜವಾಗಿಯೂ ತಲೆ ತಿರುಗಿ ಕುಸಿದಳು, ಸಿಸ್ಟರ್ ನಿಜವಾಗಿಯೂ ಹಿಡಿದರು.

ಮುಂದಿನ ಚಳಿಗಾಲದಲ್ಲಿ ಫೋರ್ಟಿನ ಒಂದು ಸಭಾಂಗಣದಲ್ಲಿ ನಗರದ ನರ್ಸುಗಳ ಸಭೆ ನಡೆಯಿತು. ಅಲ್ಲಿ ನಮ್ಮ ಕೆಲಸದ ವರದಿ ಓದುವವಳು ನೀನೇ ಎಂದರು ಟ್ಯೂಟರ್. ನನ್ನ ಇಂಗ್ಲಿಷ್ ಕೇಳಿ ಜನ ನಗುತ್ತಾರೆ ಎಂದರೆ, “ನಗಲಿ. ನಗುವಾಗ ಕಿವಿ ತೆರೆದೇ ಇರ್ತದೆ” ಎಂದರು. ಅಪ್ಪ ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ ಬಂದು ಕೊನೆಯ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮೊದಲ ವಾಕ್ಯದಲ್ಲೇ ತೊದಲಿದೆ. ಆಮೇಲೆ, ಕೈ ಎಲ್ಲಿ ಎಸೆಯುತ್ತಾರೆ ಎಂದು ಕೇಳಿದ ಹುಡುಗಿಯ ಮಾತು ಹೇಳುವಷ್ಟರಲ್ಲಿ ತೊದಲು ಎಲ್ಲಿ ಹೋಯಿತೋ. ಸಣ್ಣ ಮಕ್ಕಳಲ್ಲಿ ನಮ್ಮ ಗೊಂಬೆ ಸೋತದ್ದನ್ನೂ ಹೇಳಿದೆ. ಅದರ ಮೇಲೇ ಎಲ್ಲರ ಪ್ರಶ್ನೆ. ಯಾವ ವಯಸ್ಸಿನಿಂದ ಗೊಂಬೆ ಸಾಕು? ತಂದೆ ಬಂದರೆ ಆಗದೇ? ಸುಟ್ಟ ಗಾಯದ ಡ್ರೆಸಿಂಗಿಗೂ ಇದು ಆದೀತೇ? ಅರ್ಧಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಗೊತ್ತಿಲ್ಲ, ನೋಡಬೇಕು ಎಂದೆ. ಹಾಗೆ ಹೇಳುವುದು ಎಷ್ಟು ಖುಷಿ ಎಂದು ಅವತ್ತು ತಿಳಿಯಿತು.

ಸಭೆ ಮುಗಿದ ಮೇಲೆ ಅಪ್ಪ ನನ್ನನ್ನೂ ಟ್ಯೂಟರನ್ನೂ ತಾವು ದಿನಾ ಚಹಾ ಕುಡಿಯುವ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದರು. ಮಸಾಲೆ ದೋಸೆ ಹೇಳಿದರು. ತಿಂದು ಮುಗಿಸಿ, “ನೀ ಹೇಳಿದ್ದು ನನಗ ಪೂರ್ತಿ ತಿಳೀಲಿಲ್ಲವ್ವಾ. ಆದ್ರ ನೀ ಮಾತಾಡೂ ಮುಂದ ಯಾರೂ ಕೆಮ್ಮಲಿಲ್ಲ” ಎಂದರು. ಮಾಣಿಯನ್ನು ಕರೆದು, ಕೇಳದಿದ್ದರೂ ಅವನಿಗೆ, “ನನ್ನ ಮಗಳು, ನರ್ಸ್” ಎಂದರು.

ಚರ್ಚ್‌ಗೇಟಿನಿಂದ ಸ್ಲೋ ಲೋಕಲ್. ಅಪ್ಪ ಗಂಡಸರ ಡಬ್ಬಿ ಹತ್ತಿದರು, ನಾನೂ ಟ್ಯೂಟರೂ ಹೆಂಗಸರ ಡಬ್ಬಿ. ಕುಳಿತದ್ದೇ ತಡ, ವಾದ ಶುರು. ಡ್ರೆಸಿಂಗ್ ಮಾಡುವಾಗ ಮಕ್ಕಳೇ ತಮ್ಮ ಬ್ಯಾಂಡೇಜು ಬಿಚ್ಚಿಕೊಂಡರೆ ನೋವು ಕಡಿಮೆ ಅನ್ನಿಸಬಹುದೇ ಎಂದು ನಾನು. ಅಳು ಕಡಿಮೆಯಾದರೆ ನೋವು ಕಡಿಮೆಯಾಯಿತು ಅಂತ ಹೇಗೆ ಹೇಳುತ್ತಿ ಎಂದು ಅವರು. ಎದುರು ಕುಳಿತು ಸೊಪ್ಪು ಸೋಸುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಗಾಡಿ ನಿಂತಿತು, ಹೊರಟಿತು, ಮತ್ತೆ ನಿಂತಿತು. “ಅಯ್ಯೋ, ಇದು ಅಂಧೇರಿ ಮಾರಾಯ್ತಿ!” ಎಂದರು ಟ್ಯೂಟರ್. ಅವರಿಗೆ ಅಲ್ಲೇ ಇಳಿಯಬೇಕು, ಆಸ್ಪತ್ರೆಯ ಕ್ವಾರ್ಟರ್ಸು. ನನ್ನ ಪಾರ್ಲೆ ಹಿಂದೆ ಹೋಗಿತ್ತು.

ಎದುರು ಗಾಡಿ ಹಿಡಿದು ವಾಪಸು ಬಂದರೆ ಅಪ್ಪ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದರು.

“ಎಲ್ಲಿ ಹೋಗಿದ್ದಿ?”

“ಅಂಧೇರಿಗೆ.”

“ಯಾಕ?”

“ಮಾತಾಡಕೋತ ಕೂತು ಇಳಿಯೋದ ಮರತೆ ಅಪ್ಪಾ.”

ಅವರು ಜೋರಾಗಿ ನಕ್ಕರು. ಮನೆಯ ಕಡೆ ನಡೆಯುತ್ತಾ, “ಅಂಥಾದ್ದೇನ ಮಾತದು, ನನಗೂ ಒಂದೀಟು ಹೇಳು” ಎಂದರು. ನಾನು ಬ್ಯಾಂಡೇಜಿನ ವಿಷಯ ಮೊದಲಿನಿಂದ ಹೇಳತೊಡಗಿದೆ.